ಬಟ್ಟೆ ಕ್ಲಿಪ್ಪು: ಮನೆಯಾಕೆಯ ಮೂರನೆಯ ಕೈ

ನಿಮ್ಮ ಮನೆಯಲ್ಲಿ ಬಟ್ಟೆ ಕ್ಲಿಪ್ಪುಗಳು ಎಷ್ಟಿವೆ? ಚಿನ್ನದ ಬಳೆ ಎಷ್ಟಿವೆ ಅಂತ ಕೇಳಿದರೆ ಥಟ್ಟನೆ ಹೇಳುತ್ತೀರಿ, ಸ್ಟೀಲಿನ ಲೋಟ ಎಷ್ಟಿವೆ ಅಂತ ಕೇಳಿದರೂ ಹೇಳುತ್ತೀರಿ. ಕ್ಲಿಪ್ಪಿನ ಲೆಕ್ಕ ಮಾತ್ರ ಯಾರೂ ಇಟ್ಟಿರುವುದಿಲ್ಲ. ಸಂತೆಯಲ್ಲಿ ಡಜನ್ ತಂದರೆ ಮೂರು ಮಳೆಗೆ ಏಳು ಉಳಿಯುತ್ತವೆ. ಉಳಿದ ಐದು ಎಲ್ಲಿ ಹೋದವು ಅಂತ ಕೇಳಲು ಯಾರಿಗೆ ಪುರಸೊತ್ತಿದೆ ಹೇಳಿ?

ನಾನು ಮಾತ್ರ ಲೆಕ್ಕ ಇಡುತ್ತೇನೆ. ನಮ್ಮನೆಯಲ್ಲಿ ಈಗ ನಲವತ್ತೊಂದು ಇವೆ. ಅದರಲ್ಲಿ ಹಿತ್ತಲಿನ ಹಗ್ಗದ ಮೇಲಿರುವುದು ಇಪ್ಪತ್ತು ಮಾತ್ರ. ಮಿಕ್ಕವೆಲ್ಲ ಅಡಿಗೆಮನೆಯಲ್ಲಿ, ಹೊಲಿಗೆ ಪೆಟ್ಟಿಗೆಯಲ್ಲಿ, ಅತ್ತೆಯವರ ಕೋಣೆಯಲ್ಲಿ ದುಡಿಯುತ್ತಿವೆ. “ನಿನ್ನ ಮನೆಗೆ ಬಂದರೆ ನನಗೂ ಒಂದು ಕ್ಲಿಪ್ಪು ಹಾಕಿಬಿಡ್ತೀಯೇನೋ” ಅಂತ ನಮ್ಮ ಓರಗಿತ್ತಿ ಹಾಸ್ಯ ಮಾಡುವುದುಂಟು. ಮಾಡಲಿ ಬಿಡಿ. ಹೆಂಗಸಿಗೆ ಕೆಲಸಕ್ಕೆ ಯಾವಾಗಲೂ ಒಂದು ಕೈ ಕಡಿಮೆ ಬೀಳುತ್ತದೆ. ಆ ಕೈಯ ಕೆಲಸವನ್ನು ಬಾಯಿಗೆ ಬಾಯಿ ಕೊಡದೆ ಮಾಡುವುದು ನನ್ನ ಕಣ್ಣಿಗೆ ಕಂಡಂತೆ ಇದೊಂದೇ.

ಇದೇನು ನಮ್ಮ ಅಜ್ಜಿಯರ ಕಾಲದ ವಸ್ತುವಲ್ಲ. ಅವರಿಗೆ ಬಿದಿರಿನ ಗಳ ಇತ್ತು, ಬೇಲಿ ಇತ್ತು, ಹುಲ್ಲುಹಾಸು ಇತ್ತು. ಗಾಳಿ ಬಂದರೆ ಸೀರೆಯ ಚುಂಗನ್ನು ಹಗ್ಗದ ಹುರಿಯೊಳಗೆ ಸಿಕ್ಕಿಸುತ್ತಿದ್ದರು. ಸ್ಪ್ರಿಂಗ್ ಇರುವ ಕ್ಲಿಪ್ಪಿಗೆ 1853ರಲ್ಲಿ ಅಮೆರಿಕದ ವರ್ಮಾಂಟ್ ಸೀಮೆಯ ಡೇವಿಡ್ ಸ್ಮಿತ್ ಎಂಬಾತ ಪೇಟೆಂಟ್ ಪಡೆದ. ಈಗ ನಾವು ಬಳಸುವ, ಸುರುಳಿ ತಂತಿ ಎರಡು ಮರದ ಚೂರುಗಳನ್ನು ಅಪ್ಪಿ ಹಿಡಿಯುವ ಬಗೆಗೆ 1887ರಲ್ಲಿ ಅದೇ ಸೀಮೆಯ ಸೋಲನ್ ಮೂರ್ ಪೇಟೆಂಟ್ ಪಡೆದ. ಅದೇ ದೇಶದ ಫಿಲಡೆಲ್ಫಿಯಾ ನಗರದಲ್ಲಿ 1976ರಲ್ಲಿ ಕ್ಲೇಸ್ ಓಲ್ಡನ್‌ಬರ್ಗ್ ಎಂಬ ಶಿಲ್ಪಿ 45 ಅಡಿ ಎತ್ತರದ ಉಕ್ಕಿನ ಕ್ಲಿಪ್ಪನ್ನೇ ನಡುಬೀದಿಯಲ್ಲಿ ನಿಲ್ಲಿಸಿದ್ದಾನೆ. ನಮ್ಮನೆಯವರು ಅದರ ಚಿತ್ರ ತೋರಿಸಿ, “ನೋಡು, ನಿನ್ನ ದೇವರ ಗುಡಿ” ಅಂದರು. ಅಷ್ಟು ದೊಡ್ಡದು ಯಾವ ಬಟ್ಟೆಗೆ ಅಂತ ನಾನು ಕೇಳಿದೆ. ಅವರ ಹತ್ತಿರ ಉತ್ತರ ಇರಲಿಲ್ಲ.

ಮೊದಲು ಅಡಿಗೆಮನೆಗೆ ಬನ್ನಿ. ಹಾಲುಬಾಯಿಗೆ ರಾಗಿ ಹಾಲು ಸೋಸಿದವರಿಗೆಲ್ಲ ಗೊತ್ತು, ಎರಡು ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಒಂದು ಕೈ ರುಬ್ಬಿದ್ದನ್ನು ಸುರಿಯಬೇಕು, ಇನ್ನೊಂದು ಕೈ ಕೈಯಾಡಿಸಬೇಕು, ಮತ್ತೆ ಬಟ್ಟೆ ಜಾರದ ಹಾಗೆ ಹಿಡಿಯುವುದು ಯಾರು? ಮಕ್ಕಳನ್ನು ಕರೆದರೆ “ಬಂದೆ ಅಮ್ಮಾ” ಅನ್ನುವ ದನಿ ಬರುತ್ತದೆ, ಮಕ್ಕಳು ಬರುವುದಿಲ್ಲ. ಅದಕ್ಕೆ ಹೀಗೆ ಮಾಡಿ. ಅಂಚು ತೆಳುವಾಗಿರುವ ಸ್ಟೀಲಿನ ಪಾತ್ರೆ ತೆಗೆದುಕೊಳ್ಳಿ. ತೊಳೆದು ಹಿಂಡಿದ ತೆಳು ಹತ್ತಿ ಬಟ್ಟೆಯನ್ನು ಬಾಯಿಗೆ ಹರವಿ, ನಡುವೆ ಒಂದು ಗೇಣು ತಗ್ಗು ಬಿಟ್ಟು, ಸುತ್ತ ಆರು ಕ್ಲಿಪ್ಪು ಹಾಕಿ. ನಾಲ್ಕು ಸಾಕು ಅನ್ನಿಸುತ್ತದೆ, ಸಾಲದು. ಭಾರ ಬಿದ್ದಾಗ ನಡುವಿನ ಬಟ್ಟೆ ಒಳಗೆ ಎಳೆಯುತ್ತದೆ. ಈಗ ನಿಧಾನವಾಗಿ ಸುರಿಯಿರಿ. ಎರಡನೆಯ ಸಲ ರುಬ್ಬಿ ಬರುವವರೆಗೂ ಬಟ್ಟೆ ಇದ್ದಲ್ಲೇ ಇರುತ್ತದೆ. ಶ್ರೀಖಂಡಕ್ಕೆ ಅರ್ಧ ಲೀಟರು ಮೊಸರನ್ನು ಹೀಗೇ ಇಳಿಬಿಟ್ಟು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಡಬಹುದು. ಗೋಡೆಯ ಮೊಳೆಗೆ ಗಂಟು ಕಟ್ಟಿ ನೇತುಹಾಕಿ, ಕೆಳಗೆ ಇಟ್ಟ ಪಾತ್ರೆ ಬಿಟ್ಟು ಉಳಿದ ಕಡೆಯೆಲ್ಲ ತೊಟ್ಟಿಕ್ಕಿಸಿಕೊಳ್ಳುವ ಪಾಡು ಇಲ್ಲ. ಹಿತ್ತಾಳೆ ತಪ್ಪಲೆಯಂಥ ದಪ್ಪ ಕಂಠದ ಪಾತ್ರೆಗೆ ಕ್ಲಿಪ್ಪು ಕೂರುವುದಿಲ್ಲ, ಅದಕ್ಕೆ ಹಳೆಯ ದಾರವೇ ಗತಿ.

ಆದರೆ ಈ ಕೆಲಸಕ್ಕೆ ಬಳಸುವ ಕ್ಲಿಪ್ಪುಗಳು ಬೇರೆಯೇ ಇರಲಿ. ಬಚ್ಚಲ ಹಗ್ಗದಿಂದ ಬಿಚ್ಚಿ ತಂದು ಹಾಲಿನ ಪಾತ್ರೆಗೆ ಹಾಕುವುದು ನನಗಂತೂ ಸರಿಬೀಳದು. ನಾನು ಡಜನ್ ಬಿಳಿ ಪ್ಲಾಸ್ಟಿಕ್ಕಿನದು ಬೇರೆ ಮಾಡಿ ಸೌಟಿನ ಗೂಡಿನಲ್ಲಿ ಇಟ್ಟಿದ್ದೇನೆ. ಒಲೆ ಉರಿಯುವಾಗ ಮಾತ್ರ ಅದರ ಹತ್ತಿರ ಒಯ್ಯಬೇಡಿ.

ನಮ್ಮದು ಸಾಗರ. ಜೂನ್ ತಿಂಗಳಲ್ಲಿ ಆಕಾಶ ಮುಚ್ಚಿತೆಂದರೆ ಕಷಾಯದ ಪುಡಿ ಗಟ್ಟಿಯಾಗುತ್ತದೆ, ಉಪ್ಪು ನೀರೊಡೆಯುತ್ತದೆ, ಹಲಸಿನ ಹಪ್ಪಳ ಮೆತ್ತಗಾಗುತ್ತದೆ. ಅಂಗಡಿಯಿಂದ ತಂದ ರವೆ, ಸಾಂಬಾರ ಪುಡಿಗಳ ಪೊಟ್ಟಣದ ಬಾಯಿಯನ್ನು ಸುಮ್ಮನೆ ತಿರುಚಿ ಕ್ಲಿಪ್ಪು ಹಾಕಿದರೆ ಏನೂ ಪ್ರಯೋಜನವಿಲ್ಲ. ಒಳಗಿನ ಗಾಳಿಯನ್ನು ಒತ್ತಿ ಹೊರಡಿಸಿ, ಬಾಯಿಯನ್ನು ಮೂರು ಸಲ ಮಡಿಸಿ, ಮಡಿಕೆಯ ಎರಡು ತುದಿಗೂ ಒಂದೊಂದು ಹಾಕಬೇಕು. ಹಾಗೆ ಹಾಕಿದರೂ ಅದು ನಾಲ್ಕಾರು ದಿನದ ಮಾತು. ಹಪ್ಪಳ, ಸಂಡಿಗೆಗೆ ಬಿಗಿ ಮುಚ್ಚಳದ ಡಬ್ಬಿಯೇ ಬೇಕು. ಕ್ಲಿಪ್ಪಿನಿಂದ ಎಲ್ಲವೂ ಆಗುತ್ತದೆ ಅಂತ ನಾನು ಹೇಳುವವಳಲ್ಲ. ಅಪ್ಪೆಮಿಡಿಯ ಜಾಡಿಗೆ ಬಟ್ಟೆ ಕಟ್ಟುವಾಗಲಂತೂ ಬೇಡವೇ ಬೇಡ. ಉಪ್ಪುನೀರು ತಾಗಿದರೆ ಸ್ಪ್ರಿಂಗ್ ತುಕ್ಕು ಹಿಡಿಯಲು ಎರಡು ದಿನ ಸಾಕು.

ಬಿಸಿಲುಗಾಲದಲ್ಲಿ ಸಂಡಿಗೆ ಇಟ್ಟ ಚಾಪೆಯ ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿ ಅಂಚಿಗೆ ಕ್ಲಿಪ್ಪು ಹಾಕಿದರೆ ಕಾಗೆಯೂ ಸುಳಿಯದು, ಗಾಳಿಗೂ ಹಾರದು. ಮಲ್ಲಿಗೆ ಬಳ್ಳಿಯ ಎಳೆಯ ಕುಡಿಯನ್ನು ಚಪ್ಪರದ ದಾರಕ್ಕೆ ಸೇರಿಸಿ, ಕಾಂಡ ನಲುಗದ ಹಾಗೆ ಸಡಿಲಾದ ಹಳೆಯ ಕ್ಲಿಪ್ಪು ಹಾಕಿ. ಕುಡಿ ತಾನಾಗಿ ಸುತ್ತಿಕೊಂಡ ಮೇಲೆ ತೆಗೆದುಬಿಡಿ. ಗೋಡೆಗೆ ಮೊಳೆ ಹೊಡೆಯುವಾಗ ಮೊಳೆಯನ್ನು ಕ್ಲಿಪ್ಪಿನ ಬಾಯಲ್ಲಿ ಹಿಡಿದರೆ ಹೆಬ್ಬೆರಳು ಉಳಿಯುತ್ತದೆ. ಈ ಕೊನೆಯದನ್ನು ನಮ್ಮನೆಯವರು ಒಪ್ಪುವುದಿಲ್ಲ, ಅವರ ಹೆಬ್ಬೆರಳು ಅವರಿಗೆ ಬಿಟ್ಟದ್ದು.

ಹೊಲಿಗೆಯವರಿಗೆ ಒಂದು ಮಾತು. ಕೌದಿ ಹೊಲಿಯುವಾಗ ಹಳೆಯ ಸೀರೆಯ ಪದರಗಳು ಒಂದರ ಮೇಲೊಂದು ಜಾರುತ್ತವೆ. ಗುಂಡುಸೂಜಿ ಚುಚ್ಚಿದರೆ ನೆಲದಲ್ಲಿ ಬಿದ್ದು ಮಗುವಿನ ಕಾಲಿಗೆ ಸಿಕ್ಕುವ ಭಯ. ಅಂಚಿನ ಸುತ್ತ ಮೊಳಕ್ಕೊಂದು ಕ್ಲಿಪ್ಪು ಹಾಕಿ, ನಡುವೆ ದೊಡ್ಡ ಹೊಲಿಗೆ ಹಾಕಿಕೊಂಡು ಶುರುಮಾಡಿ. ಸೀರೆಗೆ ಫಾಲ್ ಹಚ್ಚುವಾಗಲೂ ಇದೇ ಉಪಾಯ. ರೇಷ್ಮೆಗೆ ಮಾತ್ರ ಕ್ಲಿಪ್ಪು ನೇರವಾಗಿ ಕಚ್ಚಿಸಬಾರದು, ಗುರುತು ಉಳಿಯುತ್ತದೆ. ನಡುವೆ ಮೆತ್ತನೆಯ ಬಟ್ಟೆಯ ಚೂರು ಇಡಿ.

ಇನ್ನು ಹಗ್ಗದ ವಿಷಯ. ಹನ್ನೆರಡು ಬಟ್ಟೆಗೆ ಇಪ್ಪತ್ತನಾಲ್ಕು ಕ್ಲಿಪ್ಪು ಅಂತ ನೀವು ಲೆಕ್ಕ ಹಾಕಿದ್ದರೆ ಹನ್ನೊಂದು ದಂಡ. ಒಂದು ಬಟ್ಟೆಯ ತುದಿಯ ಮೇಲೆ ಮುಂದಿನ ಬಟ್ಟೆಯ ತುದಿ ಸೇರಿಸಿ ಎರಡಕ್ಕೂ ಒಂದೇ ಹಾಕುತ್ತ ಹೋಗಿ, ಹದಿಮೂರರಲ್ಲಿ ಮುಗಿಯುತ್ತದೆ. ಬಣ್ಣ ಬಿಡುವ ಬಟ್ಟೆಯ ಪಕ್ಕ ಬಿಳಿ ಬಟ್ಟೆ ಬೇಡ. ಅಂಗಿ, ಕುರ್ತಾಗಳನ್ನು ತಲೆಕೆಳಗು ಮಾಡಿ ಅಡಿ ಅಂಚಿನ ಹೊಲಿಗೆಯ ಹತ್ತಿರ ಕ್ಲಿಪ್ಪು ಹಾಕಿದರೆ ಭುಜದಲ್ಲಿ ಕೊಂಬು ಏಳುವುದಿಲ್ಲ. ಪ್ಲಾಸ್ಟಿಕ್ಕಿನದು ಬಿಸಿಲು ಕುಡಿದು ಕುಡಿದು ಒಂದು ದಿನ ಕೈಯಲ್ಲೇ ಪಟ್ಟೆಂದು ಮುರಿಯುತ್ತದೆ. ಮರದ್ದು ಮುರಿಯದು, ಆದರೆ ಮಳೆಗಾಲದಲ್ಲಿ ಹೊರಗೆ ಬಿಟ್ಟರೆ ಕಪ್ಪಗೆ ಬೂಸಲು ಹಿಡಿದು ಬಿಳಿ ಪಂಚೆಗೆ ಅಂಟಿಸುತ್ತದೆ. ಎರಡನ್ನೂ ಕೆಲಸ ಮುಗಿದ ಮೇಲೆ ಒಳಗೆ ತಂದರೆ ವರ್ಷಗಟ್ಟಲೆ ಬಾಳುತ್ತವೆ. ಸ್ಪ್ರಿಂಗಿನ ತುಕ್ಕಿನ ಕಲೆ ಬಿಳಿ ಹತ್ತಿ ಬಟ್ಟೆಗೆ ತಾಗಿದ್ದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ತೊಳೆಯಿರಿ. ಬಣ್ಣದ ಬಟ್ಟೆಗೆ ಈ ಪ್ರಯೋಗ ಮಾಡಬೇಡಿ.

ಇಷ್ಟೆಲ್ಲ ನಿಮಗೆ ಅರ್ಧ ಗೊತ್ತಿದ್ದದ್ದೇ. ನಾನು ಪೆನ್ನು ಹಿಡಿದದ್ದು ಅತ್ತೆಯವರ ಕೋಣೆಯ ಕ್ಲಿಪ್ಪುಗಳ ವಿಷಯ ಹೇಳುವುದಕ್ಕೆ.

ಅತ್ತೆಯವರಿಗೆ ಎಪ್ಪತ್ತೆಂಟು. ಹದಿನಾಲ್ಕು ಜನರ ಮನೆಯನ್ನು ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ನಡೆಸಿದವರು. ಏಳು ವರ್ಷದ ಹಿಂದೆ ಅವರಿಗೆ ಗ್ಲಾಕೋಮಾ ಅಂತ ಗೊತ್ತಾಯಿತು. ಇದು ಪೊರೆಯಂತಲ್ಲ. ಪೊರೆಯಾದರೆ ಆಪರೇಷನ್ ಮಾಡಿ ದೃಷ್ಟಿ ತರಬಹುದು. ಗ್ಲಾಕೋಮಾದಲ್ಲಿ ಕಣ್ಣಿನಿಂದ ಮಿದುಳಿಗೆ ಹೋಗುವ ನರವೇ ಸವೆಯುತ್ತದೆ, ಬಹಳ ಜನರಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ. ಮೊದಲು ಹೋಗುವುದು ಪಕ್ಕದ ನೋಟ; ನೇರ ನೋಟ ಸರಿ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಾಗ “ವಯಸ್ಸಾಯ್ತು ನೋಡು” ಅನ್ನುತ್ತಿದ್ದರು, ನಾವೂ ಹಾಗೇ ಅಂದುಕೊಂಡೆವು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನವೂ ತಪ್ಪದೆ ಹನಿ ಹಾಕಬೇಕು ಅಂದರು ಶಿವಮೊಗ್ಗದ ಡಾಕ್ಟರು. ಬೆಳಿಗ್ಗೆಗೆ ಒಂದು ಔಷಧಿ, ರಾತ್ರಿಗೆ ಬೇರೆ ಔಷಧಿ. ಜೊತೆಗೆ ಬೆಳಿಗ್ಗೆ ಬಿಪಿಯ ಮಾತ್ರೆ.

ಎರಡು ಸೀಸೆಯೂ ಹೆಬ್ಬೆರಳಿನಷ್ಟು, ಎರಡೂ ಬಿಳಿ. ಮೇಲಿನ ಅಕ್ಷರ ನನಗೇ ಕನ್ನಡಕವಿಲ್ಲದೆ ಕಾಣದು. “ಇದು ಯಾವುದು ನೋಡೇ” ಅಂತ ಅವರು ಕೇಳುವುದು, ನಾನು ದೋಸೆ ಹುಯ್ಯುತ್ತಿದ್ದವಳು ಓಡಿ ಬರುವುದು, ಹೀಗೇ ಎರಡು ವರ್ಷ ನಡೆಯಿತು. ಆಮೇಲೆ ಕೇಳುವುದು ಕಡಿಮೆಯಾಯಿತು. ಅಭ್ಯಾಸ ಆಯಿತೇನೋ ಅಂತ ಮನೆಯವರೆಲ್ಲ ಸಮಾಧಾನಪಟ್ಟುಕೊಂಡರು. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಒತ್ತಡ ಏರಿತ್ತು. “ಔಷಧಿ ಸರಿಯಾಗಿ ಹಾಕಿಕೊಳ್ತಿದ್ದೀರಾ ಅಮ್ಮ?” ಅಂತ ಡಾಕ್ಟರು ಕೇಳಿದರೆ ಅತ್ತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಆನಂದಪುರ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: “ಯಾವುದು ಯಾವುದು ಅಂತ ಗೊತ್ತಾಗದ ದಿನ ಬಿಟ್ಟುಬಿಡ್ತಿದ್ದೆ. ಎಷ್ಟು ಸಲ ಅಂತ ನಿನ್ನ ಕರೆಯೋದು?”

ನೋಡಿ, ಕಣ್ಣು ಹೋಗುವುದಕ್ಕಿಂತ ಮೊದಲು ಹೋಗುವುದು ಇದು. ಕೇಳುವ ಧೈರ್ಯ.

ನಾನು ಮಾಡಿದ್ದು ಇಷ್ಟೇ. ಹಳೆಯ ರವಿಕೆ ಬಟ್ಟೆಯಲ್ಲಿ ಎರಡು ಪುಟ್ಟ ಚೀಲ ಹೊಲಿದೆ. ಅವರ ಮಂಚದ ಪಕ್ಕದ ಗೋಡೆಯಲ್ಲಿ ಕೈಗೆ ಎಟುಕುವ ಎತ್ತರಕ್ಕೆ ಎರಡು ಮೊಳೆ, ಎಡಕ್ಕೊಂದು ಬಲಕ್ಕೊಂದು. ಎಡಗಡೆಯದು ಬೆಳಗಿನ ಚೀಲ: ಬೆಳಗಿನ ಸೀಸೆ, ಒಂದು ಮಾತ್ರೆ. ಅದರ ಬಾಯಿಗೆ ಒಂದು ಕ್ಲಿಪ್ಪು. ಬಲಗಡೆಯದು ರಾತ್ರಿಯ ಚೀಲ: ರಾತ್ರಿಯ ಸೀಸೆ. ಅದರ ಬಾಯಿಗೆ ಎರಡು ಕ್ಲಿಪ್ಪು. ಮೇಲೆ ಕಿಟಕಿಯ ಸರಳಿಗೆ ಒಂದು ದಾರ ಕಟ್ಟಿದೆ. ಔಷಧಿ ಹಾಕಿಕೊಂಡ ಕೂಡಲೇ ಚೀಲದ ಕ್ಲಿಪ್ಪು ತೆಗೆದು ದಾರಕ್ಕೆ ಹಾಕಬೇಕು. ಚೀಲದ ಬಾಯಲ್ಲಿ ಕ್ಲಿಪ್ಪಿದ್ದರೆ ಔಷಧಿ ಬಾಕಿ, ಇಲ್ಲದಿದ್ದರೆ ಆಯಿತು. “ಹಾಕಿಕೊಂಡೆನೋ ಇಲ್ಲವೋ” ಅಂತ ಅನುಮಾನ ಬಂದರೆ ಯಾರನ್ನೂ ಕೇಳಬೇಕಿಲ್ಲ, ಬೆರಳಿನಿಂದ ಮುಟ್ಟಿ ನೋಡಿದರೆ ಸಾಕು. ರಾತ್ರಿ ದಾರದಲ್ಲಿ ಮೂರೂ ನೇತಾಡುತ್ತಿದ್ದರೆ ನನಗೂ ನಿಶ್ಚಿಂತೆ. ಬೆಳಿಗ್ಗೆ ಕಸ ಗುಡಿಸಲು ಹೋದಾಗ ಮಾತ್ರೆ ತುಂಬಿಸಿ ಮೂರನ್ನೂ ವಾಪಸು ಚೀಲಕ್ಕೆ ಹಾಕುತ್ತೇನೆ.

ಮೊದಲ ದಿನ ಅತ್ತೆ ಚೀಲ ಸವರಿ ನೋಡಿ, “ಇದೇನೇ, ಔಷಧಿಗೆ ಜುಟ್ಟು ಕಟ್ಟಿದ್ದೀಯಾ?” ಅಂದರು. ಮೂರನೆಯ ದಿನ ನಾನು ಅಭ್ಯಾಸಬಲದಿಂದ ಸೀಸೆ ಎತ್ತಿಕೊಡಲು ಹೋದರೆ ನನ್ನ ಕೈ ಸರಿಸಿದರು. “ಬಿಡು, ನನ್ನ ಔಷಧಿ ನಾನು ತಗೋತೀನಿ.” ಕೀಲಿಕೈ ಗೊಂಚಲಿನ ಕಾಲದ ದನಿ ಅದು. ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆರು ತಿಂಗಳ ಮೇಲೆ ತೋರಿಸಿದಾಗ ಒತ್ತಡ ಇಳಿದಿತ್ತು. ಹೋದ ನೋಟ ಹೋದದ್ದೇ. ಇದ್ದದ್ದು ಅಷ್ಟಕ್ಕೇ ನಿಂತಿದೆ.

ಹನಿ ಹಾಕಿಕೊಳ್ಳುವ ಕ್ರಮವನ್ನೂ ಹೇಳಿಬಿಡುತ್ತೇನೆ, ಎಷ್ಟೋ ಮನೆಯಲ್ಲಿ ಇದು ತಿಳಿದಿರುವುದಿಲ್ಲ. ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಸೀಸೆ ಹಿಡಿದ ಕೈಯನ್ನು ಹಣೆಗೆ ಊರಿ, ಕೆಳರೆಪ್ಪೆಯನ್ನು ಎಳೆದು ಒಂದೇ ಹನಿ. ಸೀಸೆಯ ತುದಿ ಕಣ್ಣಿಗಾಗಲಿ ಬೆರಳಿಗಾಗಲಿ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಔಷಧಿ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಒಂದೇ ಹೊತ್ತಿಗೆ ಎರಡು ಬಗೆಯ ಹನಿ ಇದ್ದವರು ನಡುವೆ ಐದು ನಿಮಿಷವಾದರೂ ಬಿಡಬೇಕು. ಇನ್ನೊಂದು ಮಾತು: ಈ ಕಾಯಿಲೆ ರಕ್ತಸಂಬಂಧದಲ್ಲಿ ಬರುವುದುಂಟು. ತಂದೆ, ತಾಯಿ, ಒಡಹುಟ್ಟಿದವರಿಗೆ ಇದ್ದರೆ ನೀವೂ, ಅದರಲ್ಲೂ ನಲವತ್ತು ದಾಟಿದವರು, ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ತೋರಿಸಿಕೊಳ್ಳಿ. ಬರೀ ಕನ್ನಡಕದ ನಂಬರು ನೋಡಿಸಿದರೆ ಇದು ಸಿಕ್ಕುವುದಿಲ್ಲ. ನಮ್ಮನೆಯವರನ್ನೂ ನಾದಿನಿಯನ್ನೂ ನಾನೇ ಹಟ ಹಿಡಿದು ಕರೆದೊಯ್ದು ತೋರಿಸಿದೆ.

ಔಷಧಿಯಿಂದ ಶುರುವಾದ ಕ್ಲಿಪ್ಪು ಕೋಣೆಯಲ್ಲೆಲ್ಲ ಹಬ್ಬಿತು. ಅತ್ತೆಗೆ ಬಣ್ಣ ಸರಿಯಾಗಿ ತಿಳಿಯದೆ ಹಸಿರು ಸೀರೆಗೆ ಕೆಂಪು ರವಿಕೆ ತೊಟ್ಟು ಹೊರಟು, ನೆಂಟರ ಮನೆಯಲ್ಲಿ ಯಾರೋ ನಕ್ಕ ಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ಈಗ ಇಸ್ತ್ರಿಯಾದ ಸೀರೆಯೊಳಗೆ ಅದರದೇ ರವಿಕೆ, ಲಂಗ ಇಟ್ಟು ಮಡಿಸಿ ಒಂದು ಕ್ಲಿಪ್ಪು ಹಾಕುತ್ತೇನೆ. ರೇಷ್ಮೆಗಾದರೆ ಮೊದಲೇ ಹೇಳಿದೆನಲ್ಲ, ಬಟ್ಟೆಯ ಚೂರು ಇಟ್ಟು. ಕಪಾಟಿನಿಂದ ಯಾವುದನ್ನು ಎತ್ತಿದರೂ ಜೋಡಿ ತಪ್ಪುವುದಿಲ್ಲ. ಹೋದ ಫೆಬ್ರವರಿಯಲ್ಲಿ ಪಕ್ಕದ ಬೀದಿಯ ಮದುವೆಗೆ ತಾವೇ ಉಟ್ಟುಕೊಂಡು ಹೊರಟರು.

ಹಿತ್ತಲ ಬಚ್ಚಲಿಗೆ ಹೋಗುವ ಜಗಲಿಯಲ್ಲಿ ಒಂದು ಮೆಟ್ಟಿಲು ಇಳಿಯಬೇಕು. ಗೋಡೆಯುದ್ದಕ್ಕೂ ಎದೆಯ ಮಟ್ಟದಲ್ಲಿ ಬಿಗಿಯಾಗಿ ಹಗ್ಗ ಕಟ್ಟಿ, ಮೆಟ್ಟಿಲಿಗೆ ಒಂದು ಹೆಜ್ಜೆ ಮುಂಚೆ ಜೋಡಿ ಕ್ಲಿಪ್ಪು ಹಾಕಿದೆ. ಬೆರಳಿಗೆ ಜೋಡಿ ಸಿಕ್ಕಿತೆಂದರೆ ಮೆಟ್ಟಿಲು ಬಂತು. ಆದರೆ ಹಗ್ಗ ದಾರಿ ತೋರಿಸುತ್ತದೆಯೇ ಹೊರತು ಮೈಭಾರ ತಾಳುವುದಿಲ್ಲ. ಹಾಗಾಗಿ ಆ ವರ್ಷವೇ ಬಡಗಿಯನ್ನು ಕರೆಸಿ ಮರದ ಕೈಪಿಡಿ ಹಾಕಿಸಿದೆವು. ಕ್ಲಿಪ್ಪನ್ನು ಅದಕ್ಕೆ ಕಟ್ಟಿದ ದಾರಕ್ಕೇ ವರ್ಗ ಮಾಡಿದ್ದಾಯಿತು. ನಿಮ್ಮ ಮನೆಯಲ್ಲಿ ಮಾಡುವುದಿದ್ದರೆ ಮೊದಲೇ ಕೈಪಿಡಿ ಹಾಕಿಸಿ.

ಕಣ್ಣು ಮಂದವಾದರೂ ಅತ್ತೆಯವರ ನೆನಪು ಗಟ್ಟಿ, ಅದರಿಂದ ಈ ಲೆಕ್ಕ ನಡೆಯುತ್ತದೆ. ಮರೆವು ಇರುವ ಹಿರಿಯರಾದರೆ ಇದನ್ನು ನಂಬಿ ಕೂರಬೇಡಿ. ಔಷಧಿಯನ್ನು ಪಕ್ಕದಲ್ಲಿ ನಿಂತು ಕೊಡಬೇಕು. “ಫೋನಿನಲ್ಲೇ ಗಂಟೆ ಹೊಡೆಯುತ್ತದಲ್ಲ ಅಮ್ಮ” ಅಂತ ಮಗ ಹೇಳಿದ, ಹಾಕಿಯೂ ಕೊಟ್ಟ. ಗಂಟೆ ಹೊತ್ತು ಹೇಳುತ್ತದೆ, ಯಾವ ಸೀಸೆ ಅಂತ ಹೇಳುವುದಿಲ್ಲ. ಈಗ ಎರಡೂ ಇವೆ. ಯಾವ ಔಷಧಿ ಯಾವ ಹೊತ್ತಿಗೆ ಅನ್ನುವುದನ್ನು ಮಾತ್ರ ಡಾಕ್ಟರ ಚೀಟಿ ನೋಡಿಯೇ ಚೀಲಕ್ಕೆ ಹಾಕಿ. ಔಷಧಿ ಬದಲಾದ ದಿನ ಚೀಲವೂ ಬದಲಾಗಬೇಕು.

ಹಾಗೆಯೇ ಮನೆಯವರಿಗೆಲ್ಲ ಈ ಕ್ಲಿಪ್ಪುಗಳ ಅರ್ಥ ತಿಳಿಸಿ ಹೇಳಿ. ದಸರಾ ರಜೆಗೆ ಬಂದ ನಾದಿನಿಯ ಮಗಳು ಗೊಂಬೆಯ ಲಂಗ ಒಣಗಿಸಲು ರಾತ್ರಿ ಚೀಲದ ಒಂದು ಕ್ಲಿಪ್ಪು ಹಾರಿಸಿಕೊಂಡು ಹೋಗಿದ್ದಳು. ಅತ್ತೆ ಸಂಜೆ ಚೀಲ ಮುಟ್ಟಿ, “ಒಂದೇ ಇದೆಯಲ್ಲ, ಎಡಗಡೆಯದು ಇಲ್ಲಿಗೆ ಹೇಗೆ ಬಂತು?” ಅಂತ ತಾವೇ ಹಿಡಿದರು. ಅಂದಿನಿಂದ ಔಷಧಿಗೆ ಮರದ ಕ್ಲಿಪ್ಪು, ಮಿಕ್ಕದ್ದಕ್ಕೆಲ್ಲ ಪ್ಲಾಸ್ಟಿಕ್ಕಿನದು ಅಂತ ಗೊತ್ತುಮಾಡಿದ್ದಾರೆ; ಮರವೋ ಪ್ಲಾಸ್ಟಿಕ್ಕೋ ಅನ್ನುವುದು ಅವರ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ಹಿತ್ತಲಲ್ಲಿ ಎಷ್ಟೇ ಬಟ್ಟೆ ಇರಲಿ, ಕ್ಲಿಪ್ಪು ಎಷ್ಟೇ ಕಡಿಮೆ ಬೀಳಲಿ, ಆ ಮೂರು ಮರದ ಕ್ಲಿಪ್ಪಿಗೆ ನಮ್ಮನೆಯಲ್ಲಿ ಯಾರೂ ಕೈ ಹಾಕುವಂತಿಲ್ಲ.